ಎತ್ತಿ ಕುಡಿದ ವೈನು

ಆಗಸ್ಟ್ 17, ಭಾನುವಾರ

ಮಗಳ ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದು ಬರೆಯಲು ಕೂತಿಲ್ಲ. ಮಾತಾಡಿದರೆ ಜಗಳವಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಮೊಮ್ಮಗಳು ತೇಜಸ್ವಿನಿ ಅರ್ಧ ಬರೆದು ಬಿಟ್ಟ ನೋಟ್‌ಬುಕ್ಕು ಇದು. ಮೊದಲ ಹತ್ತು ಪುಟ ಅವಳ ಭಾಗಾಕಾರ, ಅದರಲ್ಲಿ ನಾಲ್ಕು ತಪ್ಪು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಅವನ್ನು ತಿದ್ದಿಯೇ ನನ್ನ ಪುಟ ಶುರು ಮಾಡಿದೆ.

ಇವತ್ತಿನ ಜಗಳಕ್ಕೆ ಕಾರಣ ಯೋಗಾನಂದನ ಮೇಲ್. ಅವನು ನನ್ನ ತಮ್ಮ, ಒಬ್ಬನೇ. ದೇವನಹಳ್ಳಿ ಹತ್ತಿರ ನಮ್ಮೂರಿನಲ್ಲಿ ಎರಡು ಎಕರೆ ದ್ರಾಕ್ಷಿ ಇದೆ. ಅಪ್ಪ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ವರ್ಷದ ತಿಥಿ ಮುಗಿಸಿಕೊಂಡೇ ನಾನು ವಿಮಾನ ಹತ್ತಿದ್ದು. ಅಪ್ಪ ಹೋದ ಮೇಲೆ ಅದು ಯೋಗಾನಂದನ ತೋಟ. ಸೈಟು ಮಾಡುವವರಿಗೆ ಕೊಡಲು ಮಾತಾಡಿದ್ದಾನಂತೆ. ಅದಕ್ಕೆ ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕು. ಇಲ್ಲಿಯೇ ನೋಟರಿಯ ಎದುರು ಸಹಿ ಹಾಕಿ, ಕಾನ್ಸುಲೇಟಿನ ಮುದ್ರೆ ಒತ್ತಿಸಿ ಕಳಿಸಿದರೆ ಮಿಕ್ಕಿದ್ದು ಅವನ ಲಾಯರು ನೋಡಿಕೊಳ್ಳುತ್ತಾರೆ. ಪತ್ರ ಪ್ರಿಂಟು ಹಾಕಿಸಿಕೊಂಡು ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟೆ. ಓದುವುದೇನಿದೆ, ತಮ್ಮ ಕಳಿಸಿದ್ದು.

ನನ್ನ ಮಗಳು ನಿಸರ್ಗಾಗೆ ಸಿಟ್ಟು ಬಂತು. "ಅಮ್ಮ, ಅದ್ರಲ್ಲಿ ನಿಂದೂ ಅರ್ಧ ಇದೆ. ಲಾ ಇದೆ."

"ನಿನ್ನ ಲಾ ನಂಗೆ ಬಾಣಂತನ ಮಾಡಿತ್ತಾ? ನೀನು ಹುಟ್ಟಿದಾಗ ಐದು ತಿಂಗಳು ಮಾಡಿದ್ದು ತವರು" ಎಂದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಾನು ಹೊರಗಿನವಳಾಗದೆ ಉಳಿದಿದ್ದರೆ ಅದು ಯೋಗಿಯ ಹೊಸಿಲಿನಿಂದ. ಅಪ್ಪನ ಆಸ್ತಿಗೆ ಕೈಚಾಚುವ ಹೆಂಗಸು ನಾನಲ್ಲ. ನನ್ನ ತವರು, ನನ್ನ ಸಹಿ, ಇವಳದೇನು ಮಧ್ಯೆ?

ಅಳಿಯ ಸಾಗರ್ ಮಾತು ಬದಲಿಸಲು ನನಗೊಂದು ಜೊತೆ ಬೂಟು ತೆಗೆದು ತೋರಿಸಿದ. ನಾವಿರುವ ಈ ಎವರ್‌ಗ್ರೀನ್ ಗುಡ್ಡದ ರಸ್ತೆ ಇಳಿಜಾರು, ಜಾರುತ್ತೀರಿ ಅತ್ತೆ ಎಂದ. ಹವಾಯಿ ಚಪ್ಪಲಿಯಲ್ಲೇ ವಾಕಿಂಗು ಹೋಗಿ ಬಂದೆ. ಜಾರಲಿಲ್ಲ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ಮಧ್ಯಾಹ್ನ ಬಾಗಿಲಿಗೆ ಕೊರಿಯರ್ ಬಂತು. ಯೋಗಿ ಸೀರೆ ಕಳಿಸಿದ್ದಾನೆ! ಮಾವಿನೆಲೆ ಹಸಿರು, ಮರೂನು ಅಂಚು. ಜೊತೆಗೆ ಬಳೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಗೌರಿ ಬಾಗಿನ ನಿಂತುಹೋಗಿತ್ತು. ವಿಧವೆಗೆ ಯಾರು ಕೊಡುತ್ತಾರೆ? ಹತ್ತು ವರ್ಷ ಬಾರದ್ದು ಈ ಸಲ ಸಮುದ್ರ ದಾಟಿ ಬಂದಿದೆ. ಅಡುಗೆಮನೆಯಲ್ಲಿ ನಿಂತು ಅತ್ತೆ. ಸುಮ್ಮನೆ ಬರೆಯುತ್ತಿದ್ದೇನೆ, ಯಾರೂ ಓದುವುದಿಲ್ಲವಲ್ಲ.

"ಹತ್ತು ವರ್ಷ ಮಾಮನಿಗೆ ಗೌರಿ ಹಬ್ಬ ಯಾವತ್ತು ಅಂತ ಗೊತ್ತಿರ್ಲಿಲ್ವಾ?" ಎಂದಳು ನಿಸರ್ಗಾ.

ಅವಳ ಬಾಯಿಗೆ ಹೋಳಿಗೆ ತುರುಕಿದೆ. ಲಾಯರಾಗಬೇಕಿತ್ತು ಇವಳು.

ಪಕ್ಕದ ಬೀದಿಯ ನಸೀಮಾಗೂ ಹೋಳಿಗೆ ಕೊಟ್ಟು ಬಂದೆ. ಅವಳು ಬೆಂಗಳೂರಿನ ಫ್ರೇಜರ್ ಟೌನಿನವಳು, ದಿನಾ ನನ್ನ ಜೊತೆ ವಾಕಿಂಗಿಗೆ ಬರುತ್ತಾಳೆ. ಸಹಿಗೆ ಇಬ್ಬರು ಸಾಕ್ಷಿ ಬೇಕಲ್ಲ, ಅವಳೂ ಅವಳ ಗಂಡ ಖಾದರ್ ಅವರೂ ಬರಲು ಒಪ್ಪಿದ್ದಾರೆ. ಸೆಪ್ಟೆಂಬರ್ 8, ಸೋಮವಾರ, ಮೂರು ಗಂಟೆಗೆ.

ಸೆಪ್ಟೆಂಬರ್ 6, ಶನಿವಾರ

ಇವತ್ತು ಮಾನ ಹೋಯಿತೆಂದು ನಿಸರ್ಗಾ ಹೇಳುತ್ತಾಳೆ. ಹೋಗಿದ್ದರೆ ಅವಳದು. ನನ್ನದು ನನ್ನ ಹತ್ತಿರವೇ ಇದೆ.

ಸಾಗರ್ ಬೆಳಿಗ್ಗೆ ಹೇಳಿದ: "ಅತ್ತೆ, ಗಿಲ್ರಾಯ್ ಕಡೆ ಒಂದು ಸಣ್ಣ ಇಟಾಲಿಯನ್ ವೈನರಿ ಇದೆ. ಒಬ್ಬ ತಾತ ನಡೆಸ್ತಾರೆ. ದ್ರಾಕ್ಷಿ ನೋಡಿದ್ರೆ ನಿಮಗೆ ಖುಷಿ ಆಗುತ್ತೆ."

"ನೋಡ್ತೀನಿ. ಕುಡಿಯಲ್ಲ" ಎಂದೆ. ಎರಡು ಸಲ ಹೇಳಿದೆ. ಮೂರನೆಯ ಸಲ ಕಾರಿನಲ್ಲಿ ಹೇಳಿದಾಗ ತೇಜು, "ಅಜ್ಜಿ, ವೀ ಗೆಟ್ ಇಟ್" ಎಂದಳು. ಗೌರಿ ಸೀರೆಯನ್ನೇ ಉಟ್ಟಿದ್ದೆ. ತವರಿನ ಸೀರೆ ಉಟ್ಟು ಹೆಂಡದಂಗಡಿಗೆ ಹೊರಟ ಹೆಂಗಸು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು.

ನಮ್ಮ ದ್ರಾಕ್ಷಿಯೂ ವೈನಿಗೇ ಹೋಗುತ್ತಿತ್ತು. ಊರಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ. ಲಾರಿ ಬಂದಾಗ ಅಪ್ಪ "ಜ್ಯೂಸಿಗೆ" ಎನ್ನುತ್ತಿದ್ದರು. ನಲವತ್ತು ವರ್ಷ ನೀಲಿ ದ್ರಾಕ್ಷಿ ಬೆಳೆದ ಮನುಷ್ಯ ಅದರ ವೈನನ್ನು ಒಂದು ತೊಟ್ಟು ಬಾಯಿಗಿಟ್ಟವರಲ್ಲ.

ಫ್ರೀವೇ ಬಿಟ್ಟು ಗುಡ್ಡ ಹತ್ತಿದ ಮೇಲೆ ಒಂದು ಹಳೆಯ ಕೊಟ್ಟಿಗೆ, ಅದರ ಸುತ್ತ ತೋಟ. ಕಾರಿಂದಿಳಿದು ನಾನು ನಿಂತುಬಿಟ್ಟೆ. ಚಪ್ಪರವಿಲ್ಲ! ಕಲ್ಲುಕಂಬವಿಲ್ಲ, ತಂತಿಯಿಲ್ಲ. ಬಳ್ಳಿ ಎನ್ನುವುದು ಸೊಂಟದೆತ್ತರದ ಗಿಡವಾಗಿ ತನ್ನ ಪಾಡಿಗೆ ತಾನು ನಿಂತಿದೆ. ಕಾಂಡ ನನ್ನ ತೊಡೆಯಷ್ಟು ದಪ್ಪ. ತೊಗಟೆ ಮುಟ್ಟಿ ನೋಡಿದೆ, ಒಣಗಿಲ್ಲ.

ಯಜಮಾನರ ಹೆಸರು ಆಲ್ಡೋ. ಎಂಬತ್ತೊಂದು ವರ್ಷ, ಹೆಗಲ ಮೇಲೆ ಹಾದ ಪಟ್ಟಿಯ ಪ್ಯಾಂಟು, ಕಿವಿಯಲ್ಲಿ ಕೂದಲು. ಅವರ ತಾತ ಇಟಲಿಯಿಂದ ಬಂದು ನೆಟ್ಟ ಬಳ್ಳಿಗಳಂತೆ. ನನ್ನ ಮೇಷ್ಟ್ರಮ್ಮನ ಇಂಗ್ಲಿಷಿನಲ್ಲಿ ಕೇಳಿದೆ: "ಇದಕ್ಕೆ ಆಸರೆ ಯಾಕೆ ಕೊಟ್ಟಿಲ್ಲ?"

"ಚಿಕ್ಕಂದಿನಲ್ಲಿ ಒಂದು ಕೋಲು ಕೊಟ್ಟಿದ್ದರು. ಆಮೇಲೆ ಅದು ಕೇಳಲಿಲ್ಲ, ಸಿನ್ಯೋರಾ" ಎಂದರು.

ಕೊಟ್ಟಿಗೆಯೊಳಗೆ ಎರಡು ಪೀಪಾಯಿಗಳ ಮೇಲೆ ಒಂದು ಹಲಗೆ. ಅದೇ ಮೇಜು. ಬ್ರೆಡ್ಡು, ಚೀಸು, ಉಪ್ಪು ನೀರಿನ ಆಲಿವ್. ಇನ್ನೊಂದು ಗುಂಪಿನ ಆರು ಜನರೂ ಇದ್ದರು. ಪ್ರತಿಯೊಬ್ಬರಿಗೂ ಒಂದು ಗಾಜಿನ ಲೋಟ ಕೊಟ್ಟು ಅದಕ್ಕೆ ಒಂದಾದ ಮೇಲೊಂದರಂತೆ ಐದು ವೈನು ಹಾಕುತ್ತಾರೆ, ಮೂಗಿಗೆ ತುಪ್ಪ ಸವರಿದ ಹಾಗೆ ಒಂದೊಂದು ಗುಟುಕು. ಮೂಸಬೇಕು, ಕುಲುಕಬೇಕು, ಬಾಯಲ್ಲಿ ಮುಕ್ಕಳಿಸಬೇಕು, ಬೇಡವಾದರೆ ಉಗುಳಬೇಕು. ಉಗುಳಲು ಹಲಗೆಯ ಮೇಲೇ ಒಂದು ಪಾತ್ರೆ! ಕಾರು ಓಡಿಸಬೇಕಾದ ಸಾಗರ್ ಅದರಲ್ಲಿ ಉಗುಳಿದ. ನಾನು ನನ್ನ ಬ್ರೆಡ್ಡಿನ ತಟ್ಟೆಯನ್ನು ಎರಡು ಮೊಳ ಈಚೆ ಎಳೆದುಕೊಂಡೆ. ಅಳಿಯನಾದರೇನು, ಎಂಜಲು ಎಂಜಲೇ.

ನಿಸರ್ಗಾ ಫೋನಿನಲ್ಲಿ ಓದುತ್ತಾ "ಇದ್ರಲ್ಲಿ ಚೆರ್ರಿ ಇದೆಯಂತೆ, ತಂಬಾಕು ಇದೆಯಂತೆ" ಎನ್ನುತ್ತಿದ್ದಳು. ನನಗೆ ಬೇಜಾರು ಬಂದು ಹಿಂದಿನ ಬಾಗಿಲಿಂದ ಹೊರಗೆ ಹೋದೆ.

ಅಲ್ಲಿತ್ತು. ಹಿತ್ತಲಲ್ಲಿ ಒಂದು ಚಪ್ಪರ. ಮರದ ಕಂಬ, ಮೇಲೆ ಅಡ್ಡ ಕೋಲು, ತಲೆ ಮೇಲಿಂದ ಇಳಿಬಿದ್ದ ನೀಲಿ ಗೊಂಚಲು. ನೋಡುವುದಕ್ಕೆ ಮೊದಲೇ ವಾಸನೆ ಬಂತು. ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಒಂದು ಕಾಳು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ಬಿಟ್ಟು ತಿರುಳು ಜಾರಿತು. ನಮ್ಮ ನೀಲಿ ದ್ರಾಕ್ಷಿಯೇ, ಇಲ್ಲವೇ ಅದರ ಒಡಹುಟ್ಟು.

ಆಲ್ಡೋ ಹಿಂದೆಯೇ ಬಂದಿದ್ದರು. ಕೇಳದೆ ಕಿತ್ತದ್ದಕ್ಕೆ ನಾಚಿಕೆಯಾಗಬೇಕಿತ್ತು. ಬದಲು ನಾನೇ ಬೈದೆ: "ಎಲೆಗೆ ಬೂದಿ ರೋಗ ಬಂದಿದೆ. ಇಷ್ಟೊಂದು ಕಡ್ಡಿ ಬಿಟ್ಟರೆ ಗಾಳಿ ಎಲ್ಲಿಂದ ಆಡಬೇಕು? ಇದನ್ನು ಸವರಿದವರು ಯಾರು?"

"ನಾನೇ" ಎಂದರು.

"ಕಡ್ಡಿಗೆ ಎರಡು ಚಿಗುರುಕಣ್ಣು ಬಿಟ್ಟು ಕತ್ತರಿಸಬೇಕು. ಎರಡೇ."

ಅವರು ನನ್ನ ಎಡಗೈ ಹಿಡಿದು ತೋರುಬೆರಳು ನೋಡಿದರು. ಅಲ್ಲಿ ಕತ್ತರಿ ಜಾರಿದ ಹಳೇ ಗಾಯದ ಗುರುತಿದೆ. ತಮ್ಮ ಬೆರಳನ್ನೂ ತೋರಿಸಿದರು. ಅಲ್ಲಿಯೂ ಇತ್ತು, ಸರಿಯಾಗಿ ಅದೇ ಜಾಗದಲ್ಲಿ. ಆ ದ್ರಾಕ್ಷಿ ಅವರ ಅಜ್ಜಿ ನೆಟ್ಟದ್ದು, ಅದರ ವೈನನ್ನು ಮಾರುವುದಿಲ್ಲ, ಮನೆಗೆ ಮಾತ್ರ ಒಂದು ಪೀಪಾಯಿ ಎಂದರು. ಒಳಗೆ ಹೋಗಿ ಹೆಸರಿನ ಚೀಟಿಯಿಲ್ಲದ ಬಾಟಲಿಯನ್ನೂ ಒಂದು ಲೋಟವನ್ನೂ ತಂದು ನನಗೆ ಹಾಕಿ ಕೊಟ್ಟರು, ಒಳ್ಳೆ ಅರ್ಧ ಲೋಟ.

ಕುಡಿಯುವುದಿಲ್ಲ ಎಂದದ್ದು ಮರೆತಿರಲಿಲ್ಲ. ಆದರೆ ಆ ವಾಸನೆ ನಮ್ಮ ತೋಟದ್ದು. ನಲವತ್ತು ವರ್ಷ ನಮ್ಮ ಬೆವರು ಏನಾಗುತ್ತಿತ್ತು ಎಂದು ನೋಡುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಹಲಗೆಯ ಹತ್ತಿರ ಬಂದು ನಿಂತೆ. ಆ ಲೋಟ ಯಾರು ಯಾರ ಬಾಯಿಗೆ ಹೋಗಿತ್ತೋ. ನಮ್ಮ ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿಯುವುದಿಲ್ಲ. ಕತ್ತು ಹಿಂದಕ್ಕೆ ಹಾಕಿದೆ, ಲೋಟವನ್ನು ಒಂದು ಗೇಣು ಮೇಲೆ ಹಿಡಿದೆ, ಬಾಯಿ ತೆರೆದು ಎತ್ತಿ ಹುಯ್ದುಕೊಂಡೆ. ಗಟಗಟ. ಗಾಜಿನ ಅಗಲ ಬಾಯಿ ನನಗೆ ಅಭ್ಯಾಸವಿಲ್ಲ. ಕೊನೆಯ ಗುಟುಕು ಗದ್ದದಿಂದಿಳಿದು ಸೀರೆಗೆ ಬಿತ್ತು.

ಆ ಆರು ಜನರ ಆರು ಲೋಟ ಗಾಳಿಯಲ್ಲೇ ನಿಂತವು. "ಅಮ್ಮಾ!" ಎಂದು ನಿಸರ್ಗಾ ಪಿಸುಗುಟ್ಟಿದಳು. "ಸಿಪ್ ಮಾಡ್ಬೇಕು ಅಮ್ಮಾ!"

ಆಲ್ಡೋ ಹಲಗೆ ಗುದ್ದಿ ನಕ್ಕರು. "ಗಾರ್ಗನೆಲ್ಲಾ!" ಎಂದು ಕೂಗಿದರು. ಅವರ ತಾತ ಹೊಲದಲ್ಲಿ ಬುಂಡೆ ಎತ್ತಿ ಹೀಗೆಯೇ ಕುಡಿಯುತ್ತಿದ್ದರಂತೆ, ಒಂದೇ ಬುಂಡೆ ಹತ್ತು ಜನ ಆಳಿಗೆ, ಯಾರ ತುಟಿಯೂ ತಾಗದೆ. ಅದಕ್ಕೆ ಅವರ ಭಾಷೆಯಲ್ಲಿ ಈ ಹೆಸರೇ ಇದೆ. ಅರವತ್ತು ವರ್ಷವಾಗಿತ್ತು ನೋಡಿ ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಾವೂ ಎತ್ತಿ ಕುಡಿಯಲು ಹೋಗಿ ಮೂಗಿಗೆ ಹುಯ್ದುಕೊಂಡರು.

ರುಚಿ? ಮೊದಲು ಹುಳಿ, ಆಮೇಲೆ ಒಗರು. ಕೊನೆಗೆ ಗಂಟಲಲ್ಲಿ ಶನಿವಾರ ಮಧ್ಯಾಹ್ನ. ಶಾಲೆ ಬಿಟ್ಟು ಸೀದಾ ತೋಟಕ್ಕೆ ಹೋಗಿ ಸೆರಗು ಸಿಕ್ಕಿಸಿ ಅಪ್ಪನ ಪಕ್ಕ ಕತ್ತರಿ ಹಿಡಿದು ನಿಲ್ಲುತ್ತಿದ್ದೆನಲ್ಲ, ಅದು.

ಹೊರಡುವಾಗ ಆಲ್ಡೋ, ಮುಂದಿನ ಶನಿವಾರ ಚಪ್ಪರದ ಕೊಯ್ಲು, ಬೈಯುವುದಕ್ಕಾದರೂ ಬನ್ನಿ ಎಂದರು.

ಸೆಪ್ಟೆಂಬರ್ 7, ಭಾನುವಾರ

ಸೀರೆಯ ಕಲೆ ಹೋಗಿಲ್ಲ. ನಿಂಬೆಹಣ್ಣು, ಉಪ್ಪು, ಸೋಡ ಎಲ್ಲ ಆಯಿತು. ನೀಲಿ ದ್ರಾಕ್ಷಿಯ ಕಲೆ ಹೋಗುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸೆಪ್ಟೆಂಬರ್ 8, ಸೋಮವಾರ

ಸಹಿ ಆಗಲಿಲ್ಲ. ನನ್ನ ಮನಸ್ಸೇನೂ ಬದಲಾಗಿಲ್ಲ, ಒಂದು ತಪ್ಪು ತಿದ್ದಬೇಕಾಗಿದೆ, ಅಷ್ಟೇ.

ಪಾರ್ಸೆಲ್ ಅಂಗಡಿಯೊಂದರಲ್ಲಿ ನೋಟರಿ ಕೂರುತ್ತಾರೆ. ಖಾದರ್ ಅವರು ಕೆಲಸದ ಮಧ್ಯೆ ಪ್ಲೆಸೆಂಟನ್‌ನಿಂದ ಓಡಿಬಂದಿದ್ದರು. ನೋಟರಿ ನನ್ನ ಪಾಸ್‌ಪೋರ್ಟು ನೋಡಿ ಪತ್ರ ತಿರುವಿಹಾಕಿ, "ಈ ಭಾಷೆ ನನಗೆ ಬರುವುದಿಲ್ಲ. ಇದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿದೆಯೇ?" ಎಂದು ಕೇಳಿದರು.

ಗೊತ್ತಿದೆ ಎನ್ನಲು ಬಾಯಿ ತೆರೆದೆ. ಓದದೆ ಉತ್ತರ ಬರೆಯಬೇಡಿ ಎಂದು ಮೂವತ್ತೊಂದು ವರ್ಷ ಮಕ್ಕಳ ಕಿವಿ ಹಿಂಡಿದವಳು ನಾನು. "ಒಂದ್ನಿಮಿಷ" ಎಂದು ಕನ್ನಡಕ ಹಾಕಿಕೊಂಡೆ.

"ಓದಿ ಅಕ್ಕ, ನಮಗೇನೂ ಅರ್ಜೆಂಟಿಲ್ಲ" ಎಂದಳು ನಸೀಮಾ.

ಎರಡನೆಯ ಪುಟದಲ್ಲಿ ಹೀಗಿತ್ತು: "ಸದರಿ ಜಮೀನಿನಲ್ಲಿ ನಾನು ಯಾವತ್ತೂ ಸಾಗುವಳಿ ಮಾಡಿರುವುದಿಲ್ಲ, ಸದರಿ ಜಮೀನಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ ಎಂದು ಒಪ್ಪಿ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ."

ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುವುದು ನನ್ನ ಅಭ್ಯಾಸ. ಎಡಗೈಯ ಅದೇ ಬೆರಳು. ಮತ್ತೆ ಓದಿದೆ. ಯಾವತ್ತೂ! ಮದುವೆಗೆ ಮುಂಚೆ ಒಂಬತ್ತು ವರ್ಷ, ಆಮೇಲೆ ಪ್ರತಿ ಶನಿವಾರ. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಎರಡೆಕರೆಗೆ ಕತ್ತರಿ ಹಾಕಿದವಳು ನಾನೊಬ್ಬಳೇ, ಆಳುಗಳನ್ನು ಇಟ್ಟುಕೊಂಡು. ಯೋಗಿ ಆಗ ಬೆಂಗಳೂರಿನಲ್ಲಿ ಟೈಲ್ಸ್ ಅಂಗಡಿ ನೋಡಿಕೊಳ್ಳುತ್ತಿದ್ದ. ದ್ರಾಕ್ಷಿ ಎಲೆ ತಾಗಿದರೆ ಮೈ ಕಡಿಯುತ್ತದೆಂದು ಅವನು ತೋಟದೊಳಗೆ ಬಂದವನೇ ಅಲ್ಲ.

ನನ್ನ ಕೈಚೀಲದಲ್ಲಿ ಕೆಂಪು ಪೆನ್ನು ಈಗಲೂ ಇರುತ್ತದೆ. ಆ ಸಾಲಿನ ಕೆಳಗೆ ಗೆರೆ ಎಳೆದು ಪಕ್ಕದಲ್ಲಿ ಬರೆದೆ: "ಸುಳ್ಳು. ತಿದ್ದಿ ಬರೆಯಿರಿ." ಅಭ್ಯಾಸಬಲದಿಂದ ಕೆಳಗೆ ನನ್ನ ಚಿಕ್ಕ ಸಹಿಯನ್ನೂ ಹಾಕಿದೆ. ಆ ಪತ್ರಕ್ಕೆ ನಾನು ಹಾಕಿದ ಸಹಿ ಅದೊಂದೇ.

ಖಾದರ್ ಅವರ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಮೇಡಂ, ನಾನು ಹೈಸ್ಕೂಲಲ್ಲಿ ಇಂಥ ಕೆಂಪು ಬಹಳ ನೋಡಿದ್ದೀನಿ" ಎಂದರು.

ಸೆಪ್ಟೆಂಬರ್ 9, ಮಂಗಳವಾರ

ಯೋಗಿ ಫೋನು ಮಾಡಿದ್ದ. ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

"ಅದು ಫಾರ್ಮ್ಯಾಟು ಕಣಕ್ಕ. ಎಲ್ಲಾ ಹೆಣ್ಮಕ್ಳಿಗೂ ಲಾಯರು ಅದನ್ನೇ ಹಾಕ್ತಾರೆ."

"ಎಲ್ಲಾ ಹೆಣ್ಮಕ್ಳೂ ಸುಳ್ಳು ಬರ್ಕೊಟ್ಟಿದ್ದಾರೆ ಅಂತ ಆಯ್ತು. ನಂದು ತೆಗ್ಸು."

"ಸಾಗುವಳಿ ಮಾಡಿದ್ದೀನಿ ಅಂತ ಬರೆದ್ರೆ ಕೊಂಡ್ಕೊಳ್ಳೋರು ಹೆದರ್ತಾರೆ. ನಾಳೆ ಕೇಸು ಗೀಸು ಅಂತ. ತೋಟ ನೋಡಿದ್ದೀಯಾ ನೀನು? ಒಂದು ವರ್ಷದಿಂದ ಕಟಿಂಗಿಲ್ಲ, ಕಾಡಾಗದೆ. ನಂಗೂ ಅರವತ್ತಾಯ್ತಾ ಬಂತು. ಯಾರು ಮಾಡ್ತಾರೆ ಹೇಳು?"

ಅವನ ದನಿ ನಿಜವಾಗಿ ದಣಿದಿತ್ತು. ನನಗೆ ಪಾಪ ಎನಿಸಿತು. ಅಷ್ಟರಲ್ಲಿ ಅವನೇ ಹೇಳಿದ: "ಗೌರಿಗೆ ಸೀರೆ ಕಳ್ಸಿದ್ನಲ್ಲಕ್ಕ. ಇನ್ನೇನು ಮಾಡ್ಬೇಕು?"

ನಾನು ಕನ್ನಡಕ ತೆಗೆದು ಮಡಿಸಿಟ್ಟೆ.

"ಅಮಾವಾಸ್ಯೆ ಒಳಗೆ ಕಾಗದ ಕಳ್ಸು. ನವರಾತ್ರೀಲಿ ರಿಜಿಸ್ಟ್ರೇಷನ್ನು. ನಿಂಗೆ ತೋಟ ಬೇಕೋ ತವರು ಬೇಕೋ ನೀನೇ ಯೋಚ್ನೆ ಮಾಡು" ಎಂದು ಇಟ್ಟುಬಿಟ್ಟ.

ಸೀರೆ ಹತ್ತು ವರ್ಷ ಯಾಕೆ ಬಂದಿರಲಿಲ್ಲ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ನಿಸರ್ಗಾ ಪಕ್ಕದಲ್ಲೇ ಇದ್ದಳು. ಎರಡು ಕಾಫಿ ಮಾಡಿ ತಂದಳು. ಇಬ್ಬರೂ ಕುಡಿದೆವು. ಸಕ್ಕರೆ ಕಮ್ಮಿಯಾಗಿತ್ತು.

ಸೆಪ್ಟೆಂಬರ್ 10

ಅವನೇನು ಕೊಡುತ್ತಾನಂತೆ ನನಗೆ ತವರು? ಅವನ ಅಂಗಡಿಯ ಟೈಲ್ಸೇ ಅದು?

ಸೆಪ್ಟೆಂಬರ್ 13, ಶನಿವಾರ

ಆಲ್ಡೋ ಚಪ್ಪರದ ಕೊಯ್ಲು. ಕೆಲಸ ಮಾಡಿದ್ದಕ್ಕೆ ಬೆನ್ನು ನೋಯುತ್ತಿದೆ, ಸುಖವಾಗಿದೆ. ಇವತ್ತು ಬೂಟು ಹಾಕಿಕೊಂಡು ಹೋಗಿದ್ದೆ. ಏಣಿ ಹತ್ತುವಾಗ ಹವಾಯಿ ಚಪ್ಪಲಿ ಹಾಕುವ ದಡ್ಡಿ ನಾನಲ್ಲ.

ಸಾಗರ್ ಕ್ರೇಟು ಹೊತ್ತ. ತೇಜುಗೆ ಗೊಂಚಲು ಹಿಡಿಯುವ ರೀತಿ ತೋರಿಸಿದೆ: ಕೆಳಗಿಂದ ಅಂಗೈ ಕೊಟ್ಟು, ತೊಟ್ಟು ಕತ್ತರಿಸಬೇಕು, ಎಳೆಯಬಾರದು. "ಲೈಕ್ ಎ ಬೇಬಿ?" ಎಂದಳು. "ಹೂಂ, ಬೇಬಿನೇ" ಎಂದೆ. ಹತ್ತು ಗಂಟೆಗೆ ಶುರು ಮಾಡಿ ಮಧ್ಯಾಹ್ನಕ್ಕೆ ಮುಗಿಸಿದೆವು. ಕೊಯ್ಯುತ್ತಲೇ ರೋಗದ ಎಲೆಗಳನ್ನೂ ಕಿತ್ತು ಹಾಕಿದೆ.

ಊಟಕ್ಕೆ ಕೂತಾಗ ಆಲ್ಡೋ ಕೇಳಿದರು: "ಊರಲ್ಲಿ ತೋಟ ಯಾರದು?"

"ನಮ್ಮದು" ಎಂದೆ. ಆಮೇಲೆ ಪತ್ರದ ವಿಷಯ, ಆ ಸಾಲಿನ ವಿಷಯ ಎಲ್ಲ ಹೇಳಿದೆ. ಗುರುತಿಲ್ಲದವರ ಹತ್ತಿರ ಮನೆಯ ಮಾತು ಹೇಳುವ ಸ್ವಭಾವ ನನ್ನದಲ್ಲ, ಬೆನ್ನು ಬಗ್ಗಿಸಿ ಕೆಲಸ ಮಾಡಿದ ಮೇಲೆ ಬಾಯಿ ಸಡಿಲವಾಗುತ್ತದೆ.

ಅವರು ಬ್ರೆಡ್ಡು ಮುರಿಯುವುದನ್ನು ನಿಲ್ಲಿಸಿದರು. "ನನ್ನ ಅಕ್ಕನೂ ಸಹಿ ಹಾಕಿದಳು. ನಾನೇ ಹಾಕಿಸಿದ್ದು. ಈ ಚಪ್ಪರ ಅವಳು ನೋಡಿಕೊಳ್ಳುತ್ತಿದ್ದದ್ದು. ನಲವತ್ತು ವರ್ಷವಾಯಿತು, ಇಲ್ಲಿಗೆ ಬಂದಿಲ್ಲ. ಓಕ್ಲ್ಯಾಂಡಿನಲ್ಲಿದ್ದಾಳೆ, ಒಂದೂವರೆ ಗಂಟೆಯ ದಾರಿ."

ಅಯ್ಯೋ ಪಾಪ ಎನ್ನಬೇಕಿತ್ತು. ನನಗೆ ಕೋಪ ಬಂತು. ಯೋಗಿಗೆ ಹೇಳಬೇಕಾದದ್ದನ್ನೆಲ್ಲ ಆ ಮುದುಕನಿಗೆ ಹೇಳಿದೆ. ಸಹಿ ಹಾಕಿಸಿಕೊಂಡೆಯಲ್ಲ, ಅವಳ ಕೈಗುಣ ಬರೆಸಿಕೊಂಡೆಯಾ? ಅವಳ ಕೈಯಲ್ಲಿದ್ದದ್ದು ನಿನ್ನ ಕೈಗೆ ಬಂತಾ? ಅದಕ್ಕೇ ಈ ಬೂದಿ! ಎಂಬತ್ತೊಂದು ವರ್ಷದ ನೀನು ಅರ್ಧ ದಿನ ಬಿಡುವು ಮಾಡಿಕೊಂಡು ಅಕ್ಕನ ಬಾಗಿಲಿಗೆ ಒಂದು ಬುಟ್ಟಿ ಹಣ್ಣು ಇಟ್ಟು ಬರಲಾರೆಯಾ? ಇಂಗ್ಲಿಷ್ ಸಾಲದೆ ಅರ್ಧ ಕನ್ನಡದಲ್ಲೇ ಬೈದೆ. ಸಾಗರ್ "ಅತ್ತೆ, ಅತ್ತೆ" ಎನ್ನುತ್ತಿದ್ದ.

ಆಲ್ಡೋ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟರು. ಆಮೇಲೆ ಎದ್ದು ಹೋಗಿ ಒಂದು ಬುಟ್ಟಿ ತಂದು, ಒಳ್ಳೊಳ್ಳೆ ಗೊಂಚಲು ಆರಿಸಿ ಎಲೆ ಹಾಸಿ ಜೋಡಿಸಿಟ್ಟರು. ಎಲ್ಲಿಗೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹೊರಡುವಾಗ ಆ ಚೀಟಿಯಿಲ್ಲದ ಬಾಟಲಿ ಒಂದನ್ನು ಕೊಟ್ಟರು. ಜೊತೆಗೆ ಒಂದು ಕತ್ತರಿ, ಹಿಡಿಯ ಕೆಂಪು ಬಣ್ಣ ಸವೆದದ್ದು. ಅಕ್ಕನದಂತೆ. "ನನ್ನ ಕೈಗೆ ಚಿಕ್ಕದು" ಎಂದರು. ನನ್ನ ಕೈಗೆ ಸರಿಯಾಗಿದೆ.

ಸೆಪ್ಟೆಂಬರ್ 16, ಮಂಗಳವಾರ

ಯೋಗಿಯ ಮೆಸೇಜು: "ಕಾಗದ?" ಉತ್ತರ ಕೊಟ್ಟಿಲ್ಲ.

ವಿಯೆಟ್ನಾಮಿ ಅಂಗಡಿಯಲ್ಲಿ ಬಾಳೆಲೆ ಸಿಗುತ್ತದಂತೆ. ನಿಸರ್ಗಾ ಯಾಕೆ ಎಂದು ಕೇಳಿದಳು. ಶನಿವಾರ ಹೇಳುತ್ತೇನೆ ಎಂದೆ.

ಸೆಪ್ಟೆಂಬರ್ 20, ಶನಿವಾರ

ಇಲ್ಲಿ ಶನಿವಾರ ಸಂಜೆಯಾದರೆ ಊರಲ್ಲಿ ಭಾನುವಾರ ಬೆಳಿಗ್ಗೆ, ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಎಡೆ ಇಡುವವನು ಮಗ. ಹೆಣ್ಣುಮಕ್ಕಳು ಅಡುಗೆ ಮಾಡಬಹುದು, ಎಡೆ ಇಡುವ ಹಾಗಿಲ್ಲ. ಯಾಕೆಂದು ಅಮ್ಮನನ್ನು ಒಮ್ಮೆ ಕೇಳಿದ್ದೆ. ಮಗಳು ಇಟ್ಟರೆ ಹಿರಿಯರು ಅವಳ ಮನೆಗೆ ಬಂದುಬಿಡುತ್ತಾರೆ ಎಂದಿದ್ದಳು.

ಬರಲಿ. ಅದಕ್ಕೇ ಇಟ್ಟದ್ದು.

ಮುದ್ದೆ, ಕೋಳಿಸಾರು, ಹುರಿದ ಮೊಟ್ಟೆ, ವಡೆ, ಕಜ್ಜಾಯ. ಬೀಡಿ ಸಿಗಲಿಲ್ಲ. ಸಾಗರ್ ಪೆಟ್ರೋಲ್ ಬಂಕಿನಿಂದ ಸಿಗರೇಟು ತಂದ. ಅಪ್ಪನಿಗೆ ಫಿಲ್ಟರ್ ಸಿಗರೇಟು ಎಂದರೆ ತಾತ್ಸಾರ, ಒಂದು ದಿನ ಸೇದಲಿ. ಸಾಗರ್‌ನ ಮದುವೆಯ ಪಂಚೆಯನ್ನೇ ತೊಳೆದು ಮಡಿಸಿ ಇಟ್ಟೆ. ಆಲ್ಡೋ ಚಪ್ಪರದ ಒಂದು ಗೊಂಚಲು ಇಟ್ಟೆ. ಕೊನೆಗೆ ಆ ಬಾಟಲಿ ತೆಗೆದು ಸ್ಟೀಲ್ ಲೋಟಕ್ಕೆ ತುಂಬ ಹುಯ್ದು, ಎಲೆಯ ಬಲಕ್ಕೆ ಇಟ್ಟೆ. ನಲವತ್ತು ವರ್ಷ ಬೆಳೆದಿರಿ ಅಪ್ಪ, ಜ್ಯೂಸು ಎಂದು ಯಾರಿಗೆ ಸುಳ್ಳು ಹೇಳಿದಿರಿ? ಕುಡಿದು ನೋಡಿ. ಚೆನ್ನಾಗಿಯೇ ಇದೆ.

ಉಟ್ಟದ್ದು ಕಲೆಯ ಸೀರೆ. ಬೇರೆ ಉಡು ಎಂದಳು ನಿಸರ್ಗಾ. ಉಡಲಿಲ್ಲ.

ನಾಲ್ಕೂ ಜನ ಹೊರಗೆ ಬಂದು ಬಾಗಿಲು ಹಾಕಿ ಮನೆಮುಂದೆ ನಿಂತೆವು. ಬಾಗಿಲ ಕ್ಯಾಮೆರಾ ನಮ್ಮನ್ನೇ ಕಳ್ಳರೆಂದು ತಿಳಿದು ಸಾಗರ್ ಫೋನಿಗೆ ಸುದ್ದಿ ಕಳಿಸುತ್ತಿತ್ತು. ಎದುರು ಮನೆಯವರು ಕೈಬೀಸಿದರು. ತೇಜು, "ಹೌ ವಿಲ್ ಮುತ್ತಾತ ಗೆಟ್ ಇನ್? ಹೀ ಡಸಂಟ್ ನೋ ದ ಕೋಡ್" ಎಂದಳು. "ನಿನ್ನ ಬರ್ತ್‌ಡೇ ತಾನೇ ಕೋಡು, ಅವ್ರಿಗೆ ಗೊತ್ತಿರುತ್ತೆ" ಎಂದೆ.

ಆಗ ಫೋನು ಬಂತು. ಯೋಗಿ. ಎತ್ತಿದೆ.

"ಅಕ್ಕ, ಇವತ್ತು ಅಮಾವಾಸ್ಯೆ. ಸಹಿ ಆಯ್ತಾ?"

"ಎಡೆ ಇಟ್ಟೆಯೇನೋ?"

"ಏನು?"

"ಅಪ್ಪನಿಗೆ. ಎಡೆ ಇಟ್ಟೆಯಾ?"

"ಈ ಸಲ ಆಶ್ರಮಕ್ಕೆ ಊಟಕ್ಕೆ ಹೇಳ್ಬಿಟ್ವಿ ಅಕ್ಕ. ಮನೇಲಿ ಯಾರು ಮಾಡ್ತಾರೆ ಅದೆಲ್ಲ... ಅದಿರ್ಲಿ, ಕಾಗದ—"

"ಮೆತ್ತಗೆ ಮಾತಾಡು. ಅಪ್ಪ ಊಟಕ್ಕೆ ಕೂತವ್ರೆ."

"ಎಲ್ಲಿ?"

"ನಮ್ಮನೇಲಿ."

"ಹೆಣ್ಮಕ್ಳು ಎಡೆ ಇಡೋದುಂಟೇನಕ್ಕ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ಕತ್ತಲೆಗೆ ಹೆದರಿ ನನ್ನ ಸೆರಗು ಹಿಡಿಯುತ್ತಿದ್ದಾಗ ಇದ್ದ ದನಿ ಅದು. ನನಗೆ ಅಳು ಬಂತು, ಅಳಲಿಲ್ಲ.

"ಇಟ್ಟೆ ಕಣೋ. ಬಂದವ್ರೆ. ಈಗ ಕೇಳು. ಆಯುಧಪೂಜೆಗೆ ನಾನು ಊರಲ್ಲಿರ್ತೀನಿ, ಟಿಕೆಟ್ಟು ಬದಲಾಯ್ಸಿದ್ದೀನಿ. ಕತ್ತರಿಗೆ ಕುಂಕುಮ ಇಟ್ಟು ಮಾರನೇ ದಿನ ತೋಟಕ್ಕೆ ಇಳೀತೀನಿ. ನಿನ್ನ ಅರ್ಧ ನೀನು ಮಾರ್ಕೋತೀಯೋ ಬಿಡ್ತೀಯೋ ನಿನ್ನಿಷ್ಟ. ನನ್ನ ಅರ್ಧಕ್ಕೆ ಕಟಿಂಗು ಆಗ್ಬೇಕು. ಮನೆ ಬಾಗಿಲು ತೆಗೀತೀಯೋ ಇಲ್ವೋ ಅದೂ ನಿನ್ನಿಷ್ಟ. ತೆಗೀದಿದ್ರೆ ಪಂಪ್‌ಸೆಟ್ ಮನೇಲಿ ಮಲಗ್ತೀನಿ."

ಅವನೇನೋ ಹೇಳಲು ಹೊರಟ. "ಆಮೇಲೆ ಮಾಡು" ಎಂದು ಇಟ್ಟೆ.

ನಿಸರ್ಗಾ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಏನು ಹೊಸದು ಕಂಡಿತೋ ಅವಳಿಗೆ. ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ ತಾನೆ, ನನ್ನ ತವರು, ನನ್ನ ಸಹಿ ಎಂದು.

ಒಳಗಿದ್ದವರಿಗೆ ತಿಳಿಯಲೆಂದು ಎರಡು ಸಲ ಕೆಮ್ಮಿದೆ. ಬಾಗಿಲು ತೆಗೆದು ಮೊದಲು ನಾನೇ ಹೋದೆ. ಎಲೆಯ ಮುಂದೆ ಕೂತು ಅಪ್ಪನ ಲೋಟ ತೆಗೆದುಕೊಂಡು, ಕತ್ತು ಹಿಂದಕ್ಕೆ ಹಾಕಿ, ಎತ್ತಿ ಕುಡಿದೆ. ಈ ಸಲ ಒಂದು ಹನಿಯೂ ಚೆಲ್ಲಲಿಲ್ಲ.